ಪೈಕಿಮೀಮಾಂಸೆ: ಹಾನಗಲ್ ಸೀಮೆಯ ಸಂಬಂಧಶಾಸ್ತ್ರಕ್ಕೊಂದು ಪ್ರವೇಶಿಕೆ

1. ಲಕ್ಷಣ

ಇಬ್ಬರು ಮನುಷ್ಯರ ನಡುವೆ ಮೊದಲೇ ಇದ್ದು, ಇಬ್ಬರಿಗೂ ಗೊತ್ತಿರದೆ, ವಿಚಾರಿಸಿದೊಡನೆ ಹೊರಬೀಳುವ ನಂಟಿಗೆ ‘ಪೈಕಿ’ ಎಂದು ಹೆಸರು. ಮೂಲತಃ ಇದು ಲೆಕ್ಕದ ಪುಸ್ತಕದ ಶಬ್ದ. ನೂರು ರೂಪಾಯಿ ಪೈಕಿ ನಲವತ್ತು ಖರ್ಚಾಯಿತು ಎನ್ನುವಲ್ಲಿ ಬರುವಂಥದು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಇದು ರೂಪಾಯಿಯಷ್ಟೇ ಸಲೀಸಾಗಿ ಮನುಷ್ಯರಿಗೂ ಸಲ್ಲುತ್ತದೆ. ‘ಅವರು ನಮ್ಮ ಪೈಕಿ’ ಎಂದರೆ ಮನುಕುಲವೆಂಬ ಒಟ್ಟು ಮೊತ್ತದಲ್ಲಿ ನಮ್ಮ ಬಾಬತ್ತಿಗೆ ಬಂದವರು ಎಂದರ್ಥ.

ಈ ನಾಲ್ಕು ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆಮೇಲೆ ಹಾವೇರಿ ಜಿಲ್ಲೆಗೆ ಬಂದವು. ಕಚೇರಿ, ಕಡತ, ಕುರ್ಚಿಗಳು ಆಗ ಹಂಚಿಕೆಯಾದವು. ಬೀಗರು ಹಂಚಿಕೆಯಾಗಲಿಲ್ಲ. ಜಿಲ್ಲೆಯ ಗಡಿ ಪೈಕಿಗೆ ತಾಗುವುದಿಲ್ಲ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ.

2. ಪ್ರಮಾಣಗಳು

ಪೈಕಿಯನ್ನು ಸಾಧಿಸಲು ನೈಯಾಯಿಕರ ನಾಲ್ಕು ಪ್ರಮಾಣಗಳೂ ಸಲ್ಲುತ್ತವೆ. ‘ನಿಮ್ಮನ್ನ ಎಲ್ಲೋ ನೋಡಿದಂಗ ಐತಿ’ ಎಂಬುದು ಪ್ರತ್ಯಕ್ಷ. ಎದುರಿನವರ ಕೈಚೀಲದ ಮೇಲೆ ಅಚ್ಚಾದ ಬಟ್ಟೆಯಂಗಡಿಯ ಹೆಸರನ್ನು ಓದಿ ಅವರ ಮನೆಯಲ್ಲಿ ಈಚೆಗೆ ಮದುವೆಯಾಗಿದೆ ಎಂದು ತಿಳಿಯುವುದು ಅನುಮಾನ. ‘ಥೇಟ್ ನಮ್ಮ ಸೋದರಮಾವನ ಮೂಗು’ ಎಂಬುದು ಉಪಮಾನ. ಇವು ಮೂರೂ ಸೋತಲ್ಲಿ, ಮತ್ತು ಗೆದ್ದಲ್ಲಿಯೂ, ನಾಲ್ಕನೆಯದಾದ ಶಬ್ದಪ್ರಮಾಣವನ್ನು ಬಳಸಲಾಗುತ್ತದೆ. ಅಂದರೆ ಬಾಯಿಬಿಟ್ಟು ಕೇಳಿಬಿಡುವುದು.

ಐದನೆಯ ಪ್ರಮಾಣವೊಂದಕ್ಕೂ ಈ ಸೀಮೆಯಲ್ಲಿ ಆಧಾರವಿದೆ. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯ ವಾದಕ್ಕೆ ನಿಂತು ತನ್ನ ತಲೆಯನ್ನೇ ಪಣವಾಗಿ ಕೊಯ್ದು ಒಪ್ಪಿಸಿದನೆಂದೂ ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದನೆಂದೂ ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಹೇಳುತ್ತದೆ. ಈ ಶಿರಃಪ್ರಮಾಣದ ಬಲದ ಬಗ್ಗೆ ಯಾರದೂ ತಕರಾರಿಲ್ಲ. ಆದರೆ ಅದರ ಎರಡನೆಯ ಭಾಗ ಎಲ್ಲರಿಗೂ ಸಿದ್ಧಿಸುವುದಿಲ್ಲವಾದ್ದರಿಂದ ಮುಂದಿನ ವಿಚಾರಕರು ಶಬ್ದಪ್ರಮಾಣಕ್ಕೇ ಅಂಟಿಕೊಂಡಿದ್ದಾರೆ.

3. ಪ್ರಶ್ನಾಕ್ರಮ

ಪೈಕಿಯ ಪ್ರಯೋಗಶಾಲೆ ಬಸ್ಸು. ಹಾನಗಲ್ಲಿನ ನಿಲ್ದಾಣದಿಂದ ಅಕ್ಕಿಆಲೂರ ಕಡೆ ಹೊರಟ ಬಸ್ಸಿನಲ್ಲಿ ಪಕ್ಕಪಕ್ಕ ಕುಳಿತ ಇಬ್ಬರ ನಡುವೆ ಈ ಕ್ರಮ ತಪ್ಪದೆ ನಡೆಯುತ್ತದೆ:

‘ಯಾವೂರ್ರಿ ನಿಮ್ದು?’

‘ಹಿರೇಕೆರೂರ ಕಡೇರಿ.’

‘ಹಿರೇಕೆರೂರ ಕಡೆ ಅಂದ್ರ?’

‘ಅಬಲೂರ್ರಿ.’

‘ಅಬಲೂರಾಗ ಯಾರ ಪೈಕಿ?’

‘ಅಂಗಡ್ಯಾರ ಪೈಕಿ ರೀ.’

‘ಅಯ್ಯ! ಅಂಗಡ್ಯಾರ ಮನಿ ನಮ್ಮಕ್ಕನ ನೆಗೆಣ್ಣಿ ತವರುಮನಿ ಅಲ್ಲೇನ್ರಿ! ಹಂಗಾರ ನೀ ನಮಗ ಅಳ್ಯಾ ಆಗಬೇಕು. ತಗೋ, ಶೇಂಗಾ ತಿನ್ನು.’

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಒಂದು, ಬಸ್ಸು ಇನ್ನೂ ಊರು ದಾಟಿರುವುದಿಲ್ಲ. ಎರಡು, ‘ನೀವು’ ಎಂಬುದು ‘ನೀ’ ಆದದ್ದು ಶೇಂಗಾ ಪೊಟ್ಟಣ ಬಿಚ್ಚುವ ಮೊದಲೇ ಹೊರತು ಆಮೇಲಲ್ಲ. ಶೇಂಗಾ ಪೈಕಿಯ ಕಾರಣವಲ್ಲ, ಕಾರ್ಯ. ಮೂರು, ಅಳಿಯನಾದವನ ವಯಸ್ಸು ಮಾವನಾದವನಿಗಿಂತ ಹತ್ತು ವರ್ಷ ಹೆಚ್ಚಿರಬಹುದು. ಪೈಕಿಯ ಲೆಕ್ಕ ಹುಟ್ಟಿದ ತಾರೀಖನ್ನು ಕೇಳುವುದಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಅಡ್ಡಹೆಸರಿನದು. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ, ಬೆಲ್ಲದ, ತುಪ್ಪದ, ಅಂಗಡಿ ಎಂಬ ಅಡ್ಡಹೆಸರುಗಳು ಈ ಭಾಗದಲ್ಲಿ ವಾಡಿಕೆಯಲ್ಲಿವೆ. ಒಂದು ಬಸ್ಸಿನ ಪ್ರಯಾಣಿಕರ ಅಡ್ಡಹೆಸರುಗಳಿಂದಲೇ ಒಂದು ಹೊತ್ತಿನ ಅಡುಗೆಯಾಗುತ್ತದೆ. ಕೊನೆಯ ಅಡ್ಡಹೆಸರಿನಿಂದ ಸಾಮಾನು ತರುವ ಜಾಗವೂ ಗೊತ್ತಾಗುತ್ತದೆ.

4. ಅಜ್ಞಾತವಾಸದ ಸಮಸ್ಯೆ

ಈ ಶಾಸ್ತ್ರದ ಅತ್ಯಂತ ಕಠಿಣ ಸಮಸ್ಯೆ ಮಹಾಭಾರತದ್ದು. ಶಾಸನಗಳಲ್ಲಿ ಪಾನುಂಗಲ್ಲೆಂದು ಕರೆಸಿಕೊಂಡ, ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಹಾನಗಲ್ಲನ್ನು ಐತಿಹ್ಯವು ವಿರಾಟನಗರವೆಂದು ಹೇಳುತ್ತದೆ. ಪಾಂಡವರು ಒಂದು ವರ್ಷದ ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ. ಮೂರನೆಯ ಪ್ರಶ್ನೆಗೆ ಎಲ್ಲರ ಗುಟ್ಟೂ ಹೊರಬೀಳುವ ಊರಿನಲ್ಲಿ, ಐವರು ಗಂಡಂದಿರು ಒಬ್ಬ ಹೆಂಡತಿಯೊಂದಿಗೆ ಒಂದು ವರ್ಷ ಗುರುತು ಸಿಗದೆ ಇದ್ದದ್ದು ಹೇಗೆ?

ಉತ್ತರ ವಿರಾಟಪರ್ವದಲ್ಲಿಯೇ ಇದೆ. ಪಾಂಡವರು ತಮಗೆ ಯಾರೂ ಇಲ್ಲ ಎನ್ನಲಿಲ್ಲ. ಹಾಗೆಂದಿದ್ದರೆ ಅದೇ ದಿನ ಸಿಕ್ಕಿಬೀಳುತ್ತಿದ್ದರು. ಕಂಕನು ತಾನು ಯುಧಿಷ್ಠಿರನ ಗೆಳೆಯನಾಗಿದ್ದೆನೆಂದ. ಅಡುಗೆಯ ಭೀಮ ತಾನು ಯುಧಿಷ್ಠಿರನ ಪಾಕಶಾಲೆಯವನೆಂದ. ಸೈರಂಧ್ರಿ ತಾನು ದ್ರೌಪದಿಯ ಸೇವೆಯಲ್ಲಿದ್ದವಳೆಂದಳು. ಎಲ್ಲರೂ ಧರ್ಮರಾಯನ ಕಡೆಯವರು. ಯಾರ ಪೈಕಿ ಎಂಬುದು ಗೊತ್ತಾದ ಮೇಲೆ ಮುಂದಿನದನ್ನು ಕೇಳುವುದು ಈ ಸೀಮೆಯಲ್ಲಿ ಮರ್ಯಾದೆಯಲ್ಲ. ವರ್ಷ ಮುಗಿದ ಮೇಲೆ ವಿರಾಟ ತನ್ನ ಮಗಳು ಉತ್ತರೆಯನ್ನು ಅಭಿಮನ್ಯುವಿಗೆ ಕೊಟ್ಟು ಪಾಂಡವರ ಬೀಗನಾದ. ಗುರುತಿಲ್ಲದೆ ಬಂದವರು ಬೀಗರಾಗಿ ಹೊರಟರು. ಪೈಕಿಶಾಸ್ತ್ರದ ಪಾಲಿಗೆ ಇಡೀ ಅಜ್ಞಾತವಾಸವು ಸ್ವಲ್ಪ ಉದ್ದಕ್ಕೆ ಎಳೆದ ಬಸ್ ಪ್ರಯಾಣವಷ್ಟೇ.

5. ಪ್ರೀತಿಯ ವ್ಯಾಕರಣ

ಪ್ರೀತಿ ಎಂಬ ಶಬ್ದ ಈ ಸೀಮೆಯಲ್ಲಿ ಮದುವೆಯ ಕರೆಯೋಲೆಯಲ್ಲಿ ಕಾಣಸಿಗುತ್ತದೆ, ಮನೆಯ ಮಾತಿನಲ್ಲಿ ಅಪರೂಪ. ಮನೆಯಲ್ಲಿ ಅದರ ಕೆಲಸವನ್ನು ವ್ಯಾಕರಣ ಮಾಡುತ್ತದೆ.

ಹೆಂಡತಿ ಗಂಡನನ್ನು ‘ನಮ್ಮ ಮನಿಯವರು’ ಎನ್ನುತ್ತಾಳೆ. ಇಲ್ಲಿ ಗಂಡ ಮನೆಗೆ ಸೇರಿದವನು, ಷಷ್ಠಿಯ ನೆರಳಿನಲ್ಲಿರುವವನು. ಗಂಡ ಹೆಂಡತಿಯನ್ನು ಕುರಿತು ಹೇಳುವಾಗ ಬಳಸುವುದು ಸಪ್ತಮೀ ವಿಭಕ್ತಿ: ‘ಮನ್ಯಾಗ ಕೇಳಿ ಹೇಳ್ತೀನಿ.’ ಆಕೆ ಹೆಸರಲ್ಲ, ಸರ್ವನಾಮವೂ ಅಲ್ಲ, ಅಧಿಕರಣ. ಸಾಲ, ಸಂಬಂಧ, ಎತ್ತಿನ ವ್ಯಾಪಾರ ಮೊದಲಾದ ಎಲ್ಲ ದೊಡ್ಡ ನಿರ್ಣಯಗಳೂ ಈ ಸಪ್ತಮಿಯಲ್ಲಿಯೇ ಆಗುತ್ತವೆ ಎಂಬುದನ್ನು ಗಮನಿಸಿದರೆ, ಹೆಂಡತಿಯ ಹೆಸರು ಹೇಳದಿರುವುದು ಆಕೆಯ ಅಧಿಕಾರ ಕಡಿಮೆಯೆಂಬುದಕ್ಕೆ ಸಾಕ್ಷಿಯಾಗಲಾರದು.

ಹೆಸರು ಹೇಳಲೇಬೇಕಾದ ಸಂದರ್ಭಕ್ಕೆ ಒಡಪು ಇದೆ. ಮದುವೆಯಲ್ಲಿ, ಕುಬಸದಲ್ಲಿ, ಹೊಸ್ತಿಲಲ್ಲಿ ದಾರಿಗಟ್ಟಿ ನಿಂತ ಹೆಂಗಸರು ‘ಹೆಸರ ಹೇಳ, ಒಳಗ ಬಾ’ ಎಂದಾಗ, ಸಂಗಾತಿಯ ಹೆಸರನ್ನು ಪ್ರಾಸದ ನಡುವೆ ಕೂರಿಸಿ ಹೇಳಬೇಕು. ಬರೀ ಹೆಸರು ಹೇಳಿದರೆ ಒಳಗೆ ಬಿಡುವುದಿಲ್ಲ. ಎಳೆಯ ಮದುಮಗಳು ತಲೆ ತಗ್ಗಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬೆಳ್ಳಿ ಬಟ್ಟಲನ್ನೋ ಬಾಳೆಯ ಎಲೆಯನ್ನೋ ಹಿಡಿದು ಆರಂಭಿಸಿ ಕೊನೆಗೆ ಆ ಹೆಸರಿಗೆ ಬರುವಷ್ಟರಲ್ಲಿ ಧ್ವನಿ ಎಷ್ಟು ಇಳಿದಿರುತ್ತದೆಂದರೆ ‘ಕೇಳಲಿಲ್ಲವ್ವಾ, ಇನ್ನೊಮ್ಮೆ’ ಎಂಬ ಬೇಡಿಕೆ ಬಂದೇ ಬರುತ್ತದೆ. ಎಲ್ಲರಿಗೂ ಕೇಳಿರುತ್ತದೆ. ಗದ್ಯದಲ್ಲಿ ಹೇಳಲಾಗದ್ದಕ್ಕೆ ಪದ್ಯ ಬೇಕು ಎಂಬ ಕಾವ್ಯಶಾಸ್ತ್ರದ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸುವ ಇನ್ನೊಂದು ವರ್ಗವಿಲ್ಲ.

ಪ್ರೀತಿಯನ್ನು ಅಳೆಯುವ ಮಾಪಕ ‘ರೀ’ ಪ್ರತ್ಯಯ. ಪ್ರೀತಿ ಏರಿದಂತೆ ಇದು ಉದುರುತ್ತದೆ. ಸರಕಾರಿ ಸಾಹೇಬರಿಗೆ ಒಂದು ವಾಕ್ಯದಲ್ಲಿ ಎರಡು ‘ರೀ’, ಬೀಗರಿಗೆ ಒಂದು, ಗೆಳೆಯನಿಗೆ ಸೊನ್ನೆ, ದೇವರಿಗೂ ಸೊನ್ನೆ. ‘ಯಪ್ಪಾ ಶಿವನೇ, ಕಣ್ಣ ಮುಚ್ಚಿಕೊಂಡು ಕುಂತೀಯೇನು?’ ಎಂದು ಗುಡಿಯಲ್ಲಿ ಗದರಿಸುವ ಮುದುಕಿಯೇ ಕಚೇರಿಯಲ್ಲಿ ಜವಾನನಿಗೂ ಬಹುವಚನ ಹಚ್ಚುತ್ತಾಳೆ. ಸೊನ್ನೆಗಿಂತ ಕೆಳಗಿನ ಅಂಕಿಗಳೂ ಇವೆ. ‘ಭಾಡ್ಯಾ, ಎಲ್ಲಿ ಹಾಳಾಗಿ ಹೋಗಿದ್ದಿ, ರೊಟ್ಟಿ ಆರೇತಿ’ ಎಂಬ ಅಜ್ಜಿಯ ವಾಕ್ಯದಲ್ಲಿ ಬೈಗುಳ ಎರಡು, ಅರ್ಥ ಒಂದೇ, ಅದು ರೊಟ್ಟಿಯಲ್ಲಿದೆ.

6. ವೈರಾಗ್ಯ ಪ್ರಕರಣ

ಸಂಬಂಧ ಬಿಡಿಸಿಕೊಂಡವರ ಸಂಖ್ಯೆಯಲ್ಲಿ ಈ ಸೀಮೆ ಶ್ರೀಮಂತವಾಗಿದೆ. ಕನಕದಾಸರು ಶಿಗ್ಗಾವಿ ತಾಲೂಕಿನ ಬಾಡದವರು. ಶಿಶುನಾಳ ಶರೀಫರು (1819–1889) ಅದೇ ತಾಲೂಕಿನವರು. ಉತ್ತರಾದಿ ಮಠದ ಸತ್ಯಬೋಧ ತೀರ್ಥರ ವೃಂದಾವನ ನವಾಬರ ರಾಜಧಾನಿಯಾಗಿದ್ದ ಸವಣೂರಿನಲ್ಲಿದೆ. ಸರ್ವಜ್ಞನ ತಂದೆ ಮಾಸೂರಿನ ಬಸವರಸ, ತಾಯಿ ಅಂಬಲೂರಿನ ಮಾಳಿ ಎಂಬ ಐತಿಹ್ಯ ಹಿರೇಕೆರೂರ ಸೀಮೆಯದು.

ಬಂಧುಗಳನ್ನು ಬಿಟ್ಟು ಹೊರಟ ಇವರನ್ನು ಜನ ಏನು ಮಾಡಿದರು ಎಂಬುದು ಪ್ರಶ್ನೆ. ಉತ್ತರ: ಅಜ್ಜ ಮಾಡಿದರು. ಸ್ವಾಮಿಗಳಿಗೆ ಈ ಭಾಗದ ರೂಢಿಯ ಸಂಬೋಧನೆ ‘ಅಜ್ಜಾರು’. ಶರೀಫರು ಶರೀಫಜ್ಜ. ಹಾನಗಲ್ಲಿನ ಕುಮಾರ ಸ್ವಾಮಿಗಳು (1867–1930) ಮನೆ ಬಿಟ್ಟು ವಿರಕ್ತಮಠಕ್ಕೆ ಬಂದವರು. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದವರು. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯ ಕುರುಡು ಹುಡುಗನೊಬ್ಬನಿಗೆ ಅವರು ಸಂಗೀತ ಕಲಿಯುವ ಏರ್ಪಾಡು ಮಾಡಿದರು. ಆತ ಪಂಚಾಕ್ಷರಿ ಗವಾಯಿಗಳಾದರು (1892–1944). ಅದೇ ತಾಲೂಕಿನ ದೇವಗಿರಿಯ ಇನ್ನೊಬ್ಬ ಕುರುಡು ಹುಡುಗನನ್ನು ಪಂಚಾಕ್ಷರಿ ಗವಾಯಿಗಳು ಬೆಳೆಸಿದರು. ಆತ ಪುಟ್ಟರಾಜ ಗವಾಯಿಗಳಾದರು (1914–2010). ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೆ, ಅನಾಥರಿಗೆ ಊಟ ಹಾಕಿ ಹಾಡು ಕಲಿಸಿದ ಅವರು ಜನರ ಬಾಯಲ್ಲಿ ಪುಟ್ಟಜ್ಜ. ಮೂರು ತಲೆಮಾರು, ಒಂದು ಮದುವೆಯೂ ಇಲ್ಲ, ವಂಶ ಮಾತ್ರ ಬೆಳೆಯುತ್ತಲೇ ಇದೆ. ಅಪ್ಪನಾಗದೆ ಅಜ್ಜನಾಗುವ ವಿಧಾನ ಪ್ರಾಣಿಶಾಸ್ತ್ರದಲ್ಲಿ ಇಲ್ಲ, ಪೈಕಿಶಾಸ್ತ್ರದಲ್ಲಿ ಇದೆ.

ಅಪ್ಪ ಎನ್ನದೆ ಅಜ್ಜ ಎಂದದ್ದಕ್ಕೂ ಕಾರಣವುಂಟು. ಅಪ್ಪ ಎಂದರೆ ಹೇಳಿದ್ದನ್ನು ಕೇಳಬೇಕಾಗುತ್ತದೆ. ಅಜ್ಜನ ಕಾಲಿಗೆ ಬಿದ್ದರೆ ಸಾಕು.

7. ಸ್ಥಾವರ ಪ್ರಕರಣ

ಪೈಕಿ ಮನುಷ್ಯರಿಗೆ ಮಾತ್ರ ಸೀಮಿತವಲ್ಲ ಎಂಬುದಕ್ಕೆ ಸವಣೂರಿನ ಇನ್ನೊಂದು ಮಠದ ಆವರಣದಲ್ಲಿರುವ ಮೂರು ಮರಗಳು ಸಾಕ್ಷಿ. ಇವು ಆಫ್ರಿಕದ ಬಾವೊಬಾಬ್. ಹಲವರು ಕೈಗೆ ಕೈ ಹಿಡಿದು ನಿಂತರೂ ಬುಡವನ್ನು ತಬ್ಬುವುದು ಕಷ್ಟ. ಕುಲಕ್ಕೂ ಜಾತಿಗೂ ಹುಣಸೆಯೊಂದಿಗೆ ಇದಕ್ಕೆ ನಂಟಿಲ್ಲ. ಆದರೂ ಊರವರು ಇದಕ್ಕೆ ‘ದೊಡ್ಡ ಹುಣಸೆ’ ಎಂದು ಹೆಸರಿಟ್ಟರು. ಅಪ್ಪನ ಅಣ್ಣ ದೊಡ್ಡಪ್ಪನಾದಂತೆ ಪರದೇಶದ ಮರ ಹುಣಸೆಯ ದೊಡ್ಡಪ್ಪನಾಯಿತು. ಸಸ್ಯಶಾಸ್ತ್ರಜ್ಞರು ಇದನ್ನು ತಪ್ಪೆನ್ನುತ್ತಾರೆ. ಆದರೆ ಹುಣಸೆಯ ತವರೂ ಆಫ್ರಿಕವೇ ಎಂದು ಹೇಳುವವರು ಅದೇ ಶಾಸ್ತ್ರಜ್ಞರು. ಎರಡೂ ಒಂದೇ ಕಡೆಯವು ಎಂದಾಯಿತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರಿಗೂ ತಿಳಿಯುತ್ತಿತ್ತು. 2023ರ ಮಳೆಗಾಲದಲ್ಲಿ ಮೂರರಲ್ಲೊಂದು ಬುಡಸಮೇತ ಉರುಳಿದಾಗ ಅದನ್ನು ಕಡಿದು ಸೌದೆ ಮಾಡಲಿಲ್ಲ, ಎತ್ತಿ ನಿಲ್ಲಿಸಿದರು. ದೊಡ್ಡಪ್ಪ ಬಿದ್ದರೆ ಎಬ್ಬಿಸುವುದೇ ಪದ್ಧತಿ.

8. ಪೂರ್ವಪಕ್ಷ

ಇಷ್ಟಾದ ಮೇಲೆ ಎರಡು ಆಕ್ಷೇಪಗಳು ಬರುತ್ತವೆ.

ಮೊದಲನೆಯದು: ಪೈಕಿಯವರೇ ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರಲ್ಲ, ಅಲ್ಲಿ ಸಂಬಂಧವೆಲ್ಲಿ? ಮಾತು ಬಿಡುವುದಕ್ಕೂ ಸಂಬಂಧ ಬೇಕು ಎಂಬುದು ಸಮಾಧಾನ. ಗುರುತಿಲ್ಲದವನೊಂದಿಗೆ ಯಾರೂ ಮಾತು ಬಿಟ್ಟಿರುವುದಿಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿಗೂ ರಾಗಿಗೂ ಹಿರಿತನದ ಜಗಳ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಆಮೇಲೆ ತೆಗೆದು ನೋಡಿದಾಗ ಗಟ್ಟಿಯಾಗಿ ಉಳಿದದ್ದು ರಾಗಿ. ಬೀಗರ ಮುನಿಸಿಗೂ ಇದೇ ಪರೀಕ್ಷೆ: ಆರು ತಿಂಗಳು ಮುಚ್ಚಿಟ್ಟು, ಜಾತ್ರೆಯ ಹೊತ್ತಿಗೆ ತೆಗೆದು ನೋಡುವುದು.

ಎರಡನೆಯ ಆಕ್ಷೇಪ ಇಷ್ಟು ಹಗುರವಲ್ಲ. ‘ಯಾರ ಪೈಕಿ?’ ಎಂಬ ಪ್ರಶ್ನೆ ಕೇಳುವುದು ಊರನ್ನೋ, ಜಾತಿಯನ್ನೋ? ಪ್ರಶ್ನಾಕ್ರಮವನ್ನು ಬಿಡಿಸಿ ನೋಡಿದರೆ ಮೊದಲೆರಡು ಪ್ರಶ್ನೆಗಳು ಬಾಗಿಲು ತೆರೆಯಲಿಕ್ಕೆ, ಮೂರನೆಯದು ಒಳಗೆ ಎಲ್ಲಿ ಕೂರಿಸಬೇಕೆಂದು ನಿರ್ಣಯಿಸಲಿಕ್ಕೆ. ಅಡ್ಡಹೆಸರು ತಮ್ಮವರದಾದರೆ ಅಳಿಯ. ಅಲ್ಲದಿದ್ದರೆ ‘ಹೌದೇನ್ರಿ, ಛಲೋ ಆತು’ ಎಂದು ಕಿಟಕಿಯ ಹೊರಗೆ ನೋಡುವುದು. ಶೇಂಗಾ ಪೊಟ್ಟಣ ಚೀಲದಲ್ಲೇ ಉಳಿಯುತ್ತದೆ. ‘ರೀ’ ಒಂದಕ್ಕೆ ಎರಡಾಗುತ್ತದೆ.

9. ಸಿದ್ಧಾಂತ

ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಉತ್ತರವಿಲ್ಲ, ಐತಿಹ್ಯದಲ್ಲಿದೆ. ಕಳಸದ ಗೋವಿಂದಭಟ್ಟರು ಬಾಲಕ ಶರೀಫನನ್ನು ಕಂಡು ನಿಮ್ಮಪ್ಪ ಯಾರೆಂದು ಕೇಳಿದರಂತೆ. ಅದೇ ಮೂರನೆಯ ಪ್ರಶ್ನೆ. ಇಮಾಮಸಾಹೇಬರ ಹೆಸರು ಹೇಳಬೇಕಾದ ಹುಡುಗ, ನಿಮ್ಮಪ್ಪನೇ ನಮ್ಮಪ್ಪ ಎಂದ. ಸುತ್ತಲಿನವರು ಅದನ್ನು ಉದ್ಧಟತನವೆಂದುಕೊಂಡರು. ಭಟ್ಟರು ಹುಡುಗನನ್ನು ಶಿಷ್ಯನಾಗಿ ಕರೆದುಕೊಂಡರು. ಮುಂದೆ ಜನಿವಾರವನ್ನೂ ಹಾಕಿದರು ಎನ್ನುತ್ತಾರೆ. ಸರ್ವಜ್ಞನ ವಚನಗಳಿಗೂ ಇಂಥದೇ ಗತಿಯಾಯಿತು. ಊರೂರು ಅಲೆದ ಜೋಳಿಗೆಯವನ ಪದಗಳನ್ನು ಹುಡುಕಿ, ಕೂಡಿಸಿ, 1924ರಲ್ಲಿ ಪುಸ್ತಕವಾಗಿ ತಂದವರು ಕ್ರೈಸ್ತ ಪಾದ್ರಿಗಳಾದ ಉತ್ತಂಗಿ ಚನ್ನಪ್ಪನವರು. ಪಾದ್ರಿಗಳು ಸರ್ವಜ್ಞನಿಗೆ ಯಾರ ಪೈಕಿ ಎಂದು ಲೆಕ್ಕ ಹಾಕಿ ತೋರಿಸುವುದು ನುರಿತ ಹಿರಿಯರಿಗೂ ಆಗದ ಕೆಲಸ.

ಶರೀಫರ ಉತ್ತರದ ವಿಶೇಷವೆಂದರೆ, ಅದು ಲೆಕ್ಕವನ್ನು ತಪ್ಪು ಮಾಡುವುದಿಲ್ಲ, ಮುಗಿಸಿಬಿಡುತ್ತದೆ. ಆ ಉತ್ತರ ಬಂದ ಮೇಲೆ ಅಕ್ಕನ ನೆಗೆಣ್ಣಿಯ ತವರಿನವರೆಗೆ ಹೋಗುವ ಅಗತ್ಯ ಬೀಳುವುದಿಲ್ಲ. ಕೇಳಿದವರಿಗೆ ಉಳಿಯುವ ಕೆಲಸ ಒಂದೇ, ಸ್ವಲ್ಪ ಸರಿದು ಕೂತು ಜಾಗ ಕೊಡುವುದು. ಇಷ್ಟು ಸುಲಭವಾದ ಉತ್ತರವನ್ನು ಕೊಟ್ಟದ್ದಕ್ಕಾಗಿ ಆ ಹುಡುಗನನ್ನು ಸೀಮೆಯೆಲ್ಲ ಅಜ್ಜನೆಂದು ಕರೆದು, ಜಾತ್ರೆ ಮಾಡಿ, ಕಾಲಿಗೆ ಬಿದ್ದು, ಮರಳಿ ಬಸ್ಸು ಹತ್ತಿ ಪಕ್ಕದವರಿಗೆ ಯಾವೂರ್ರಿ ನಿಮ್ದು ಎಂದು ಕೇಳುತ್ತದೆ.

ಬಸ್ಸಿನಲ್ಲಿ ಈ ಪ್ರಶ್ನೆ ಕೇಳದವನು ಒಬ್ಬನೇ. ಎಲ್ಲಿಂದ ಬಂದಿರಿ, ಯಾರ ಪೈಕಿ ಎಂಬುದು ಕಂಡಕ್ಟರನಿಗೆ ಬೇಡ. ಅವನು ಕೇಳುವುದು ‘ಎಲ್ಲಿಗೆ?’ ಎಂದು ಮಾತ್ರ. ಉತ್ತರ ಹೇಳಿದವರಿಗೆಲ್ಲ ಚೀಟಿ ಹರಿದು ಕೊಡುತ್ತಾನೆ.