ಪೆಟ್ರೋಲ್–ಡೀಸೆಲ್ ವಿಚಾರ: ಸೆಕೆಂಡ್ ಹ್ಯಾಂಡ್ ಕಾರಿನ ಪ್ರಮಾಣಮೀಮಾಂಸೆ

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವನು ಪೆಟ್ರೋಲ್ ಹಿಡಿಯಬೇಕೋ ಡೀಸೆಲ್ ಹಿಡಿಯಬೇಕೋ ಎಂಬ ಜಿಜ್ಞಾಸೆ ಮದುವೆಮನೆಯ ಪಂಕ್ತಿಯಿಂದ ಆಫೀಸಿನ ಕ್ಯಾಂಟೀನಿನವರೆಗೆ ಚರ್ಚಿತವಾಗಿದ್ದರೂ ಶಾಸ್ತ್ರೋಕ್ತವಾಗಿ ಇತ್ಯರ್ಥವಾದಂತಿಲ್ಲ. ಪೂರ್ವಸೂರಿಗಳೆಲ್ಲ ಇದನ್ನು ಇಂಜಿನ್ನಿನ ಪ್ರಶ್ನೆಯೆಂದು ಭ್ರಮಿಸಿದ್ದೇ ಇದಕ್ಕೆ ಕಾರಣ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಬೇರೆ: ಪೆಟ್ರೋಲ್ ಕಾರು ಒಂದು ವಾಹನ, ಡೀಸೆಲ್ ಕಾರು ಒಂದು ಹರಕೆ. ಮೊದಲನೆಯದನ್ನು ಮನುಷ್ಯ ತಾನು ಓಡಾಡುವ ದಾರಿಗಾಗಿ ಕೊಳ್ಳುತ್ತಾನೆ. ಎರಡನೆಯದನ್ನು, ಓಡಾಡಿಯೇನು ಎಂದುಕೊಂಡ ದಾರಿಗಾಗಿ.

ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳನ್ನು ಅನ್ವಯಿಸೋಣ. ಪ್ರತ್ಯಕ್ಷ ನಿಷ್ಪ್ರಯೋಜಕ, ನೋಡಲು ಹೋಗುವ ಹೊತ್ತಿಗೆ ಗಾಡಿಗೆ ವಾಟರ್ ವಾಶ್ ಆಗಿ ಟೈರಿಗೂ ಪಾಲಿಶ್ ಬಿದ್ದಿರುತ್ತದೆ. ಶಬ್ದಪ್ರಮಾಣವೆಂದರೆ ಆಪ್ತವಾಕ್ಯ, ಆದರೆ “ಸಿಂಗಲ್ ಓನರ್ ಸಾರ್, ಡಾಕ್ಟ್ರು ಇಟ್ಕೊಂಡಿದ್ದ ಗಾಡಿ” ಎನ್ನುವ ಬ್ರೋಕರು ಆಪ್ತನೆಂಬುದೇ ಮೊದಲು ಸಿದ್ಧವಾಗಬೇಕು. ಉಪಮಾನಕ್ಕೆ ಆಧಾರ ಭಾವಮೈದುನನ ಕಾರು. ಅದರ ಮೈಲೇಜನ್ನು ಹೇಳುವವನೂ ಭಾವಮೈದುನನೇ ಆದ್ದರಿಂದ ಅದು ಶಬ್ದದಲ್ಲೇ ಅಂತರ್ಗತ. ಉಳಿದದ್ದು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬ ಪುರಾತನ ಉದಾಹರಣೆಯನ್ನು ಸೈಲೆನ್ಸರಿನ ಬಾಯಿಗೆ ತಂದಾಗ ಶಾಸ್ತ್ರ ಎಷ್ಟು ಬೆಳೆದಿದೆಯೆಂದು ತಿಳಿಯುತ್ತದೆ. ಹೊಗೆ ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿಯಾಗಿಯೇ ಬರುತ್ತಿದ್ದರೆ ಕೂಲೆಂಟ್ ಒಳಗೆ ಸೇರುತ್ತಿರಬಹುದು. ಆದರೆ ಡಿಪ್‌ಸ್ಟಿಕ್ ಎಳೆದು “ಆಯಿಲ್ ಕಪ್ಪಗಿದೆ, ಆದ್ದರಿಂದ ಇಂಜಿನ್ ಹೋಗಿದೆ” ಎನ್ನುವುದು ಶುದ್ಧ ಹೇತ್ವಾಭಾಸ. ಡೀಸೆಲ್ಲಿನ ಮಸಿಗೆ ಹೊಸ ಆಯಿಲೂ ಬಲುಬೇಗ ಕಪ್ಪಾಗುತ್ತದೆ. ಇಷ್ಟಾಗಿಯೂ ಹೊಗೆ ಹೇಳುವುದು ಗಾಡಿಯ ಯೋಗ್ಯತೆಯನ್ನು. ಕೊಳ್ಳುವವನ ಯೋಗ್ಯತೆ ತಿಳಿಯಲು ಗಣಿತ ಬೇಕು.

ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಮೈಲೇಜು 15. ಡೀಸೆಲ್ 91, ಮೈಲೇಜು 20 ಎಂದಿಟ್ಟುಕೊಳ್ಳಿ. ಕಿಲೋಮೀಟರಿಗೆ ಉಳಿಯುವುದು ಸುಮಾರು 2 ರೂಪಾಯಿ 30 ಪೈಸೆ. ಡೀಸೆಲ್ ಗಾಡಿಗೆ ಒಂದು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಹುಟ್ಟಲು 43,000 ಕಿ.ಮೀ. ಓಡಬೇಕು. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗಿಬರಲು ಸುಮಾರು 600 ಕಿ.ಮೀ.; ಅಂದರೆ ಈ ಸಾಲ 72 ಧರ್ಮಸ್ಥಳಗಳಷ್ಟು. (ಇನ್ನು ಮುಂದೆ ಇದೇ ನಮ್ಮ ಮೂಲಮಾನ.) ದಿನಕ್ಕೆ 20 ಕಿ.ಮೀ.ನಂತೆ ವರ್ಷಕ್ಕೆ 250 ದಿನ ಆಫೀಸಿಗೆ ಮಾತ್ರ ಹೋಗಿಬರುವವನಿಗೆ ಇದಕ್ಕೆ ಎಂಟೂವರೆ ವರ್ಷ ಬೇಕು. ಏಳು ವರ್ಷ ಹಳೆಯ ಗಾಡಿ ಕೊಂಡಿದ್ದರೆ ಅಷ್ಟರಲ್ಲಿ ಅದಕ್ಕೆ 15 ತುಂಬಿ ಆರ್‌ಸಿ ನವೀಕರಣಕ್ಕೆ ಆರ್‌ಟಿಓ ಮುಂದೆ ನಿಂತಿರುತ್ತದೆ. “ಡೀಸೆಲ್ ಅಗ್ಗ” ಎಂಬ ಸ್ಮೃತಿವಾಕ್ಯಕ್ಕೆ ಆಧಾರವಿಲ್ಲದೆ ಇಲ್ಲ: 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41ರ ಆಸುಪಾಸು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ಹಿಡಿತ ಸಡಿಲವಾಯಿತು. ಭಾವಮೈದುನರ ಪರಂಪರೆಯಲ್ಲಿ ಮಾತ್ರ 2012 ಇನ್ನೂ ಮುಗಿದಿಲ್ಲ.

ಪೂರ್ವಪಕ್ಷಿಯು ಘಾಟಿಯನ್ನು ಮುಂದೊಡ್ಡುತ್ತಾನೆ: ಏರಿನಲ್ಲಿ ಡೀಸೆಲ್ಲಿನ ಎಳೆತವೇ ಎಳೆತ. ನಿಜ, ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ ಸಿಗುವುದು ಟರ್ಬೊ ಡೀಸೆಲ್ಲಿನ ಹುಟ್ಟುಗುಣ. ಆದರೆ ಶಿರಾಡಿ ಘಾಟಿಯಲ್ಲಿ ಟ್ಯಾಂಕರಿನ ಹಿಂದೆ ಎರಡನೇ ಗೇರಿನಲ್ಲಿ ತೆವಳುವವನಿಗೆ ಆ ಟಾರ್ಕ್ ಇದ್ದೂ ಇಲ್ಲದಂತೆ. ಮೂರು ಲಕ್ಷ ಕಿ.ಮೀ. ಓಡಿದ ಟ್ಯಾಕ್ಸಿಗಳನ್ನು ಅವನು ಸಾಕ್ಷಿಗೆ ಕರೆದರೆ, ಓಡದೆ ಕೆಟ್ಟವು ಗುಜರಿಯಲ್ಲಿರುವುದರಿಂದ ಸಾಕ್ಷಿ ಹೇಳಲು ಬರಲಾರವು ಎಂದು ಉತ್ತರಿಸಬೇಕು. 2020ರ ಏಪ್ರಿಲ್ ನಂತರದ ಬಿಎಸ್–6 ಡೀಸೆಲ್ ಗಾಡಿಯಂತೂ ನಮ್ಮ ಪ್ರತಿಜ್ಞೆಯನ್ನು ತಾನೇ ಸಾಧಿಸಿಕೊಡುತ್ತದೆ. ಅದರ ಹೊಗೆಕೊಳವೆಯಲ್ಲಿರುವ ಡಿಪಿಎಫ್ ಎಂಬ ಜರಡಿಯಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಹೈವೇಯಲ್ಲಿ ಒಂದಷ್ಟು ಹೊತ್ತು ಬಿಡದೆ ಓಡಬೇಕು. ಮಲ್ಲೇಶ್ವರದಿಂದ ಮೆಜೆಸ್ಟಿಕ್ಕಿಗೆ ಮಾತ್ರ ಓಡಿಸಿದರೆ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ. ಹರಕೆ ತೀರಿಸೆಂದು ಕಾರೇ ದೀಪ ಹಚ್ಚಿ ಕೇಳುವಾಗ ಬೇರೆ ಪ್ರಮಾಣವೇಕೆ?

ಕೊನೆಯ ಆಕ್ಷೇಪವೊಂದು ನಿಜಕ್ಕೂ ಕಠಿಣ. ಪೆಟ್ರೋಲ್ ಕಾರಿನವನೂ ಧರ್ಮಸ್ಥಳಕ್ಕೆ ಹೊರಟಾಗ, ಕಾರಿನಲ್ಲಿ ಮನೆಯವರೆಲ್ಲ ಹಿಡಿಸದೆ, ಕೆಎಸ್‌ಆರ್‌ಟಿಸಿ ಬಸ್ಸು ಹತ್ತುತ್ತಾನೆ. ಅದು ಓಡುವುದು ಡೀಸೆಲ್ಲಿನಲ್ಲೇ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಸಾಮಾನ್ಯ ಸಾರಿಗೆಯಲ್ಲಿ ಅವನ ಹೆಂಡತಿ, ತಾಯಿ, ಅತ್ತೆಗೆ ಟಿಕೆಟ್ ಶೂನ್ಯ. ಕಿಲೋಮೀಟರಿಗೆ ಶೂನ್ಯ ರೂಪಾಯಿ ಬೀಳುವ ಡೀಸೆಲ್ಲಿನೆದುರು ಪೆಟ್ರೋಲ್ ಪಕ್ಷ ನಿಲ್ಲಲಾರದೆಂದು ಒಪ್ಪಲೇಬೇಕು. ಆದರೆ ಆ ಬಸ್ಸು ಮಾರಾಟಕ್ಕಿಲ್ಲ.