ಮುಗೀತ ಕಾಕಾ

ಬನಹಟ್ಟಿಯಲ್ಲಿ ಚಾದಂಗಡಿಗೊಬ್ಬ ಮುಗೀತ ಕಾಕಾ ಇದ್ದೇ ಇರುತ್ತಾನೆ. ಏಪ್ರಿಲ್‌ನಲ್ಲಿ ಕೃಷ್ಣೆ ಬತ್ತಿ, ಕೊಯ್ನಾದಿಂದ ನೀರು ಬಿಡಿ ಎಂದು ನಮ್ಮ ಸರ್ಕಾರ ಮಹಾರಾಷ್ಟ್ರವನ್ನು ಕೇಳಿಕೊಂಡ ಸುದ್ದಿ ಪೇಪರಿನಲ್ಲಿ ಬಂದರೆ, "ಮುಗೀತ ಬಿಡ್ರಿ, ಇನ್ನ ಕುಡ್ಯಾಕೂ ನೀರಿಲ್ಲ." ಆಗಸ್ಟ್‌ನಲ್ಲಿ ಅದೇ ಕೃಷ್ಣೆ ಹಿಪ್ಪರಗಿ ಬ್ಯಾರೇಜ್ ದಾಟಿ ಹೊಲಕ್ಕೆ ನುಗ್ಗಿದರೆ, "ಮುಗೀತ, ಮುಳಗಿದ್ವಿ." ನೀರು ಹೆಚ್ಚಾದರೂ ಕಡಿಮೆಯಾದರೂ ಒಂದೇ ತೀರ್ಪು ಕೊಡುವ ಇಂಥ ನ್ಯಾಯಾಧೀಶ ಕೃಷ್ಣಾ ನ್ಯಾಯಮಂಡಳಿಗೂ ಸಿಗಲಿಲ್ಲ.

ಎದುರು ಬೆಂಚಿನಲ್ಲಿ ಆಗ್ತೈತಿ ಅಣ್ಣಾ ಕೂತಿರುತ್ತಾನೆ. "ಸುಮ್ನಿರ ಕಾಕಾ, ಸರಕಾರ ಏನರ ಮಾಡ್ತೈತಿ. ಈಗ ವಿಜ್ಞಾನ ಭಾಳ ಮುಂದ ಹೋಗೇತಿ." ವಿಜ್ಞಾನ ಮುಂದೆ ಹೋದದ್ದು ನಿಜ, ಅಣ್ಣನ ಹೊಲದ ಕಡೆಗಂತೂ ತಿರುಗಿಲ್ಲ. ಕಬ್ಬಿಗೆ ಇವನು ಕಟ್ಟುವ ನೀರಿಗೆ ಲೆಕ್ಕವಿಲ್ಲ, ಬಸಿಗಾಲುವೆ ತೆಗೆಸಿಲ್ಲ. ನೆಲ ಸವುಳಾಗಿ ಉಪ್ಪು ಬೆಳ್ಳಗೆ ಮೇಲೆದ್ದಿದೆ. "ಆಗ್ತೈತಿ" ಎನ್ನುತ್ತಾನೆ. ಆಗುತ್ತಲೇ ಇದೆ.

ಕಾಕಾನ ಹೊಲ ನೋಡಿ ಬನ್ನಿ. ಹನಿ ನೀರಾವರಿ ಪೈಪು ಹಾಸಿದ್ದಾನೆ. "ಏನ ಉಪಯೋಗ ಇಲ್ರಿ, ಸುಮ್ನ ಹಾಕೀನಿ." ಊರೆಲ್ಲ ಕಬ್ಬಿನ ರವದಿಗೆ ಬೆಂಕಿ ಇಟ್ಟು ಹೊಗೆ ಎಬ್ಬಿಸುವಾಗ ಇವನು ಅದನ್ನು ಸಾಲುಗಳ ನಡುವೆ ಹಾಸಿ ಕೊಳೆಯಲು ಬಿಡುತ್ತಾನೆ. 2019ರ ಮಹಾಪೂರದಲ್ಲಿ ಹೊಳೆದಂಡೆಯ ಪಂಪ್‌ಸೆಟ್ಟನ್ನು ಎಲ್ಲರಿಗಿಂತ ಮೊದಲು ಬಿಚ್ಚಿ ಮೇಲೆ ತಂದವನೂ ಇವನೇ. ಅಣ್ಣನ ಮೋಟರು ನೀರಿನಡಿ ಭರವಸೆಯಿಂದ ಕೂತಿತ್ತು. ಮುಂದಿನ ವರ್ಷ ಲೋಕವೇ ಇರುವುದಿಲ್ಲ ಎನ್ನುವ ಕಾಕಾ ಹನ್ನೆರಡು ತಿಂಗಳ ಕಬ್ಬು ನೆಡುತ್ತಾನೆ; ಕಡಿದ ಮೇಲೆ ಕುಳೆಯನ್ನೂ ಬಿಟ್ಟುಕೊಳ್ಳುತ್ತಾನೆ! ಅಂದರೆ ಲೋಕಕ್ಕೆ ಅವನ ಲೆಕ್ಕದಲ್ಲಿ ಕನಿಷ್ಠ ಎರಡು ವರ್ಷದ ವಾಯಿದೆ ಉಂಟು.

ಇವರಿಬ್ಬರ ಜಾತಿ ಹೊಸದಲ್ಲ. ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಪಟ್ಟಿ ಹಾಕಿ, ಮೈಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರಲ್ಲ, ಶ್ರಮಬಿಂದು ಸಾಗರ, ಆಗಲೂ ಒಬ್ಬ ಕಾಕಾ "ಮೊದಲನೇ ಮಹಾಪೂರಕ್ಕ ಕೊಚ್ಚಿಗೊಂಡ ಹೋಗ್ತೈತಿ" ಎಂದಿರಲೇಬೇಕು. ಒಬ್ಬ ಅಣ್ಣ "ನಾವ್ಯಾಕ? ಸರಕಾರ ಕಟ್ಟತೈತಿ" ಎಂದು ಚಾ ಹೀರಿರಲೇಬೇಕು. ಬ್ಯಾರೇಜ್ ನಿಂತಿತು. ಊರವರ ಬಾಯಲ್ಲಿ 'ಬ್ಯಾರೇಜ್ ಸಿದ್ದು' ಆದ ಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು.

ಆದ್ದರಿಂದ ಕೆರೆ ಹೂಳೆತ್ತಲಿಕ್ಕೋ ಗಿಡ ಹಚ್ಚಲಿಕ್ಕೋ ಪಟ್ಟಿ ಎತ್ತುವವರಿದ್ದರೆ, ನನ್ನ ಮಾತು ಕೇಳಿ: ಅಣ್ಣನ ಮನೆಗೆ ಹೋಗಬೇಡಿ. ಅವನು ಚಾ ಕುಡಿಸಿ, ಬೆನ್ನು ತಟ್ಟಿ, ಬರಿಗೈಯಲ್ಲಿ ಕಳಿಸುತ್ತಾನೆ. ಕಾಕಾನ ಮನೆಗೆ ಹೋಗಿ. ಅರ್ಧ ತಾಸು ಬೈಸಿಕೊಳ್ಳಬೇಕಾಗುತ್ತದೆ, ಆದರೆ ರೊಕ್ಕ ಕೊಡುತ್ತಾನೆ. ಪಾವತಿ ಚೀಟಿ ಮಾತ್ರ ಮರೆಯದೆ ಕೊಡಿ, ಕೇಳಿಯೇ ಕೇಳುತ್ತಾನೆ.