ಕಾರ್ಬಪ್ಪ

ಕೋಲಾರದ ಕಡೆ ಗಂಡಸಿನ ಹೆಸರಿನ ಕೊನೆಗೆ ಒಬ್ಬ ‘ಅಪ್ಪ’ ಕೂತಿದ್ದರೇ ಲಕ್ಷಣ. ಹಾಗಾಗಿ ರಾಗಿ, ಅಕ್ಕಿ, ಬೆಲ್ಲ, ಆಲೂಗಡ್ಡೆ ಎಲ್ಲವನ್ನೂ ಬಿಟ್ಟು ಮೈ ಇಳಿಸಲು ಹೊರಟ ಮಹನೀಯರನ್ನು ನಾನು ಸಾರಾಸಗಟಾಗಿ ಕಾರ್ಬಪ್ಪ ಎಂದೇ ಕರೆಯುವುದು. ಡೂಂಲೈಟ್ ಸರ್ಕಲ್ಲಿನಲ್ಲಿ ನಿಂತರೆ ಒಬ್ಬನಾದರೂ ಸಿಗುತ್ತಾನೆ. ಬೆಲ್ಟಿಗೆ ಮೊಳೆ ಹೊಡೆದು ಮಾಡಿಕೊಂಡ ಹೊಸ ತೂತೇ ಗುರುತು. ಕೇಳದಿದ್ದರೂ ಅಂಗಿ ಎತ್ತಿ ತೋರಿಸುತ್ತಾನೆ.

“ಒಂದೇ ವಾರಕ್ಕೆ ಮೂರು ಕೆಜಿ!”

ಅದರಲ್ಲಿ ಬಹುಪಾಲು ನೀರು ಕಣಯ್ಯಾ, ಮೈಯಲ್ಲಿ ಕೂಡಿಟ್ಟ ಗ್ಲೈಕೋಜೆನ್ ಖರ್ಚಾಗುವಾಗ ಗ್ರಾಮಿಗೆ ಮೂರು ಗ್ರಾಮಿನಷ್ಟು ನೀರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ ಎಂದರೆ ಮುಖ ಸಣ್ಣದಾಗುತ್ತದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳೇ ಬರುತ್ತಿದ್ದ ಜಿಲ್ಲೆಯಲ್ಲಿ ಇವನೊಬ್ಬ ಇಷ್ಟು ನೀರು ಪೋಲು ಮಾಡಿದ್ದು ಸರಿಯೇ ಎಂದು ನಾನೂ ಹೆಚ್ಚು ಕೆದಕುವುದಿಲ್ಲ.

ಪಾಪ, ಅವನ ಕಷ್ಟವೂ ಕಡಿಮೆಯದಲ್ಲ. ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟು ಅವನ ಲಕ್ಷ್ಮಣರೇಖೆ. ನೂರು ಗ್ರಾಂ ರಾಗಿಹಿಟ್ಟಿನಲ್ಲೇ 70ರ ಆಸುಪಾಸು ಇದೆ. ಅಂದರೆ ಒಂದು ಮುದ್ದೆಗೆ ಅವತ್ತಿನ ಪಂಚಾಂಗ ಮುಗಿಯಿತು. ಬಸ್ಸು ಹತ್ತಿ ಎಲ್ಲಿಗಾದರೂ ತಪ್ಪಿಸಿಕೊಳ್ಳೋಣವೆಂದರೆ ಮುಳಬಾಗಿಲಿನಲ್ಲಿ ಇಳಿಯುವ ಮೊದಲೇ ತುಪ್ಪದ ದೋಸೆಯ ಘಮಲು, ಮಾಲೂರಿನ ದಾರಿಯಲ್ಲಿ ಆಲೂಗಡ್ಡೆ ಹೊಲ, ಶ್ರೀನಿವಾಸಪುರದಲ್ಲಿ ಎತ್ತ ತಿರುಗಿದರೂ ಮಾವು. ಇಡೀ ಜಿಲ್ಲೆ ತನ್ನ ವಿರುದ್ಧ ಸಂಚು ಹೂಡಿದೆ ಎಂದು ಅವನಿಗೆ ಗುಮಾನಿ. ಎಪಿಎಂಸಿಯಲ್ಲಿ ಹದಿನೈದು ಕೆಜಿ ಬಾಕ್ಸುಗಳಲ್ಲಿ ಸಾಲಾಗಿ ಕೂತ ಟೊಮೆಟೊ ಒಂದೇ ಅವನ ಪಕ್ಷ.

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ರಾಗಿಯೂ ಭತ್ತವೂ ನಾನು ಹೆಚ್ಚು ತಾನು ಹೆಚ್ಚು ಎಂದು ಜಗಳವಾಡಿದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ, ಆಮೇಲೆ ರಾಗಿಗೆ ಗೆಲುವು ಕೊಟ್ಟ. ಕಾರ್ಬಪ್ಪನ ನ್ಯಾಯ ಇನ್ನೂ ಸರಳ: ಇಬ್ಬರಿಗೂ ಜೀವಾವಧಿ. ಮನೆಯಲ್ಲಿ ತೆಲುಗು ಆಡುವ ಅವನ ಅಜ್ಜಿಗೆ ಈ ತೀರ್ಪು ಒಪ್ಪಿಗೆಯಿಲ್ಲ. “ಸಂಗಟಿ ತಿನನೋಡು ಮನಿಷೇನಾ?”, ಮುದ್ದೆ ತಿನ್ನದವನೂ ಒಬ್ಬ ಮನುಷ್ಯನೇ, ಎಂದು ದಿನಕ್ಕೊಮ್ಮೆ ಮೇಲ್ಮನವಿ ಸಲ್ಲಿಸುತ್ತಾಳೆ.

ಅಜ್ಜಿಯ ಬಾಯಿ ಮುಚ್ಚಿಸಲು ಅವನು ಇತಿಹಾಸ ತೆಗೆಯುತ್ತಾನೆ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ಸಣ್ಣಗಾಗಿ, ಅದನ್ನೇ ಪುಸ್ತಿಕೆ ಬರೆದು ಹಂಚಿದನಂತೆ. “ಏನು ಕೆಲಸ ಮಾಡ್ತಿದ್ದ ಆಯಪ್ಪ?” ಎಂದು ಹೆಂಡತಿ ಕೇಳಿದಳು. ಶವಸಂಸ್ಕಾರದ ಏರ್ಪಾಟು ಮಾಡುವ ಕಸುಬು ಎಂದು ತಿಳಿದ ಮೇಲೆ ಆಕೆ ಆ ವಿಷಯ ಮತ್ತೆ ಎತ್ತಿಲ್ಲ. ಆಕೆಯ ತಕರಾರು ಬೇರೆ. ಮೈ ಕೊಬ್ಬನ್ನೇ ಉರುವಲು ಮಾಡಿಕೊಂಡಾಗ ಉಸಿರಿನಲ್ಲಿ ಅಸಿಟೋನ್ ಬರುತ್ತದೆ. ಗಂಡ ಹತ್ತಿರ ಬಂದರೆ ಉಗುರುಬಣ್ಣ ಒರೆಸುವ ದ್ರಾವಣದ ಶೀಷೆ ತೆರೆದಂತಾಗುತ್ತದೆ ಎನ್ನುತ್ತಾಳೆ.

ತೂಕ ಇಳಿದದ್ದು ಸುಳ್ಳಲ್ಲ, ಅದನ್ನು ಒಪ್ಪಲೇಬೇಕು. ಇಳಿಯದೆ ಉಳಿದದ್ದು ಉಪದೇಶ. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವನ ಎಲೆ ನೋಡಿ ಹೋಳಿಗೆಗಿಷ್ಟು, ಅನ್ನಕ್ಕಿಷ್ಟು ಎಂದು ಲೆಕ್ಕ ಒಪ್ಪಿಸುತ್ತಾನೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಮುದುಕರಿಗೂ ನಾಳೆಯಿಂದಲೇ ಮುದ್ದೆ ಬಿಡಿ ಎಂದು ಅಪ್ಪಣೆ ಕೊಡುತ್ತಾನೆ. ಇಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ: ಡಾಕ್ಟರನ್ನು ಕೇಳದೆ ಹಾಗೆ ಮಾಡಿದರೆ ಸಕ್ಕರೆ ಸರ್ರನೆ ಕುಸಿಯಬಹುದು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಉಪದೇಶಕ್ಕೂ ರಜೆ. ಮಟನ್ನಿನಲ್ಲಿ ಕಾರ್ಬು ಇಲ್ಲವೇ ಇಲ್ಲ ಎಂಬ ಧೈರ್ಯದ ಮೇಲೆ ಅವತ್ತು ಅವನು ತಿನ್ನುವುದನ್ನು ನೋಡಿದ ಬೀಗರು, ಇವನು ಮುದ್ದೆ ತಿನ್ನುತ್ತಿದ್ದಾಗಲೇ ಅಗ್ಗವಾಗಿದ್ದ ಎಂದರು.

ಚಳಿಗಾಲದ ಅವರೆಕಾಯಿಯನ್ನು ‘ಪ್ರೋಟೀನು’ ಖಾತೆಗೆ ಬರೆದು ಪಾರಾದ. ಹಿತಕಿದಬೇಳೆ ಸಾರನ್ನು ಬಟ್ಟಲಿಗೆ ಹುಯ್ದುಕೊಂಡು ಕುಡಿದ. ಆದರೆ ಮೇ ತಿಂಗಳು ಬಂದೇಬಂತು. ಶ್ರೀನಿವಾಸಪುರದ ನೆಂಟರ ತೋಟ. ಮೊದಲಿಗೆ ತೋತಾಪುರಿ ಕಾಯಿಯನ್ನು ಸೀಳಿ ಉಪ್ಪುಕಾರ ಹಚ್ಚಿ ಕೊಟ್ಟರು. ಕಾಯಿ ತಾನೆ, ತರಕಾರಿ ಲೆಕ್ಕ ಎಂದು ತಿಂದ. ಆಮೇಲೆ ಬಂದದ್ದು ದೋರಗಾಯಿ. ಅದು ಗಡಿ ತಂಟೆ. ಕಾಯಿಗೂ ಸೇರಿದ್ದಲ್ಲ, ಹಣ್ಣಿಗೂ ಸೇರಿದ್ದಲ್ಲ. ಚರ್ಚೆ ಬಿಸಿಯಾಗಿದ್ದಾಗಲೇ ಯಾರೋ ಬಾದಾಮಿ ಮಾವೊಂದನ್ನು ಕೈಗಿಟ್ಟರು. ಮೂಸಿದ, ಒತ್ತಿ ನೋಡಿದ. “ಇದೂ ಇನ್ನೂ ದೋರೇ ಕಣ್ರಪ್ಪ, ಪೂರ್ತಿ ಹಣ್ಣಾಗಿಲ್ಲ” ಎಂದು, ಮೊಣಕೈವರೆಗೆ ಸುರಿದ ರಸವನ್ನು ನೆಕ್ಕುತ್ತಾ ವಾದ ಮುಂದುವರಿಸಿದ.